ಹನ್ನೊಂದು ಗಂಟೆಯ ಚುಕ್ಕಿ ಮೀನು: ದಾವಣಗೆರೆಯ ಒಂದು ರೀಫ್ ಟ್ಯಾಂಕಿನ ಪ್ರಕರಣ

ಫೆಬ್ರವರಿ ಕೊನೆಯ ಒಂದು ಗುರುವಾರ ರಾತ್ರಿ ಮೇಷ್ಟ್ರು ಫೋನ್ ಮಾಡಿದರು. "ತಮ್ಮಾ, ನೀರೆಲ್ಲ ಚೆನ್ನಾಗೈತಿ. ಮೀನು ಮಾತ್ರ ಉಳೀತಿಲ್ಲ. ನಾಳೆ ಒಂಚೂರು ಬಂದು ನೋಡು" ಅಂದರು. ಧ್ವನಿ ಕುಗ್ಗಿತ್ತು. ಎರಡು ವಾರದ ಹಿಂದೆ ಇದೇ ಮೇಷ್ಟ್ರು ಹೊಸ ಮೀನು ಬಂದ ಖುಷಿಗೆ ಬೆಳಿಗ್ಗೆ ಆರಕ್ಕೇ ಫೋನ್ ಮಾಡಿ ನನ್ನನ್ನು ಎಬ್ಬಿಸಿದ್ದರು.

ಅವರು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾರೆ. ಮನೆ ವಿದ್ಯಾನಗರದಲ್ಲಿ. ಹೆಂಡತಿಗೆ ಬ್ಯಾಂಕಿನಲ್ಲಿ ಕೆಲಸ, ಮಗಳು ಎಂಟನೇ ತರಗತಿ. ಹಗಲೆಲ್ಲ ಮನೆಯಲ್ಲಿ ಇರುವವರು ಅವರ ತಾಯಿ ಒಬ್ಬರೇ. ನಾನು ಈ ಊರಲ್ಲಿ ಮೀನಿನ ಟ್ಯಾಂಕ್ ಕಟ್ಟಿಕೊಡುವ, ತಿಂಗಳಿಗೊಮ್ಮೆ ಹೋಗಿ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ನನ್ನ ಗಿರಾಕಿಗಳಲ್ಲಿ ಹೆಚ್ಚಿನವರದು ಸಿಹಿನೀರಿನ ಟ್ಯಾಂಕ್. ರೀಫ್ ಟ್ಯಾಂಕ್, ಅಂದರೆ ಉಪ್ಪುನೀರಲ್ಲಿ ಹವಳದ ಜೊತೆ ಸಮುದ್ರದ ಮೀನು ಸಾಕುವವರನ್ನು ಬೆರಳಲ್ಲಿ ಎಣಿಸಬಹುದು. ಘಟ್ಟ ಇಳಿಯದೆ ಸಮುದ್ರ ಕಾಣದ ಊರು ನಮ್ಮದು, ಅಲ್ವಾ? ಉಪ್ಪಿನಿಂದ ಹಿಡಿದು ಮೀನಿನ ತನಕ ಎಲ್ಲವೂ ಹೊರಗಿನಿಂದ ಬರಬೇಕು.

ಈ ಪ್ರಕರಣವನ್ನು ಪೂರ್ತಿ ಬರೆದಿಡುವುದಕ್ಕೆ ಕಾರಣ ಇದೆ. ರ‍್ಯಾಸ್ ಅನ್ನುವ ಬಣ್ಣಬಣ್ಣದ ಸಮುದ್ರ ಮೀನು ಸತ್ತಾಗ ಎಲ್ಲರೂ ಮೊದಲು ನೀರನ್ನು ದೂರುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಈ ಮನೆಯಲ್ಲಿ ನೀರು ಸರಿಯಾಗಿಯೇ ಇತ್ತು. ಮೀನುಗಳಿಗೆ ರಾತ್ರಿ ಮಲಗಲು ಜಾಗ ಇರಲಿಲ್ಲ.

ಟ್ಯಾಂಕ್ ಮತ್ತು ಅದರೊಳಗಿದ್ದವರು

ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ಅಂದರೆ ಸುಮಾರು 450 ಲೀಟರ್. ಕೆಳಗೆ ಫಿಲ್ಟರ್ ಸಂಪ್. ಕಟ್ಟಿ ಏಳು ತಿಂಗಳಾಗಿತ್ತು. ಬೋರ್ ನೀರಿಗೆ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಹಿಡಿದರೆ 700 ದಾಟುತ್ತಿತ್ತು, ಹಾಗಾಗಿ ಮೊದಲ ದಿನದಿಂದಲೂ ಆರ್‌ಒ ನೀರಿಗೇ ಉಪ್ಪು ಬೆರೆಸಿ ಹಾಕಿದ್ದರು. ಲೀಟರಿಗೆ 35 ಗ್ರಾಂ ಲೆಕ್ಕ. ಮೇಷ್ಟ್ರು ಅಳತೆಯಲ್ಲಿ ಎಂದೂ ತಪ್ಪಿದವರಲ್ಲ. ಬಿಸಿ 26 ಡಿಗ್ರಿ, ಸಾಂದ್ರತೆ 1.025, ಅಮೋನಿಯಾ ಸೊನ್ನೆ, ನೈಟ್ರೇಟ್ 10ರ ಒಳಗೆ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದರು.

ಹವಳದಲ್ಲಿ ಮೆತ್ತನೆಯವು ಮಾತ್ರ ಇದ್ದವು: ಲೆದರ್, ಮಶ್ರೂಮ್, ಝೆನಿಯಾ. ಕಲ್ಲಿನಂತೆ ಗಟ್ಟಿಯಾಗಿ ಬೆಳೆಯುವ ಹವಳಗಳನ್ನು 2001ರಲ್ಲಿ ನಮ್ಮ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಗೆ ಸೇರಿಸಿದ್ದಾರೆ. ಹುಲಿ ಇರುವ ಪಟ್ಟಿ ಅದು. ಯಾರೋ ಕಡಿಮೆ ಬೆಲೆಗೆ ಕೊಡುತ್ತಾರೆ ಅಂತ ಅದನ್ನು ಮುಟ್ಟಲು ಹೋಗಬೇಡಿ. ಮೇಷ್ಟ್ರಿಗೆ ಇದನ್ನು ನಾನು ಮೊದಲೇ ಹೇಳಿದ್ದೆ, ಅವರೂ ಒಪ್ಪಿದ್ದರು.

ಮೀನುಗಳು: ಒಂದು ಜೊತೆ ಕ್ಲೌನ್, ಪಾಚಿ ತಿನ್ನುವ ಒಂದು ಬ್ಲೆನ್ನಿ, ಒಂದು ಸಿಕ್ಸ್‌ಲೈನ್ ರ‍್ಯಾಸ್. ಸಿಕ್ಸ್‌ಲೈನ್ ಅಂದರೆ ಬೆರಳುದ್ದದ ಮೀನು. ನೇರಳೆ ಮೈಮೇಲೆ ಆರು ಕಿತ್ತಳೆ ಗೆರೆ, ಬಾಲದ ಬುಡದಲ್ಲಿ ಕಣ್ಣಿನಂಥ ಚುಕ್ಕಿ. ಕಲ್ಲಿನ ಸಂದಿ ಸಂದಿ ಹುಡುಕಿ ಚಪ್ಪಟೆ ಹುಳ, ಸಣ್ಣ ಹಾನಿಕಾರಕ ಬಸವನಹುಳು ಎಲ್ಲ ತಿಂದು ಟ್ಯಾಂಕ್ ಚೊಕ್ಕವಾಗಿ ಇಡುತ್ತದೆ. ಅದನ್ನು ಹಾಕಬಹುದು ಅಂದವನು ನಾನೇ. ಮುಂದೆ ಬೇರೆ ರ‍್ಯಾಸ್ ತರುವ ಯೋಚನೆ ಇದೆಯಾ ಅಂತ ಕೇಳಬೇಕಿತ್ತು. ಕೇಳಲಿಲ್ಲ.

ಫೆಬ್ರವರಿ ಎರಡನೇ ಶನಿವಾರ ಬೆಳಿಗ್ಗೆ ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಥರ್ಮೋಕೋಲ್ ಪೆಟ್ಟಿಗೆ ಬಂತು. ಅದರಲ್ಲಿ ನಾಲ್ಕು ಮೀನು. ಒಂದು ಯೆಲ್ಲೋ ಕೋರಿಸ್, ಅರಿಶಿನದಂಥ ಬಣ್ಣ. ಒಂದು ಲೆಪರ್ಡ್ ರ‍್ಯಾಸ್ ಹೆಣ್ಣು, ಬೆಳ್ಳಗಿನ ಮೈಮೇಲೆ ಕಪ್ಪು ಚುಕ್ಕಿ. ಬ್ಲೂಸೈಡ್ ಫೇರಿ ರ‍್ಯಾಸ್ ಒಂದು ಗಂಡು, ಒಂದು ಹೆಣ್ಣು. ನಾಲ್ಕೂ ಇಂಡೋನೇಷ್ಯಾ ಕಡೆಯಿಂದ ಬಂದವು ಅಂತ ಅಂಗಡಿಯವರು ಹೇಳಿದ್ದರು. ಈ ಕೊನೆಯ ಮಾತು ಆಮೇಲೆ ಬಹಳ ಉಪಯೋಗಕ್ಕೆ ಬಂತು.

ಹದಿಮೂರು ದಿನದಲ್ಲಿ ಆದದ್ದು ಇಷ್ಟು. ಲೆಪರ್ಡ್ ಮೊದಲ ದಿನ ಚೀಲದಿಂದ ಹೊರಬಿದ್ದದ್ದೇ ಕಣ್ಮರೆ. ಆರನೇ ದಿನ ಬೆಳಿಗ್ಗೆ ಕಸ ಗುಡಿಸುವಾಗ ಅಜ್ಜಿಗೆ ಸ್ಟ್ಯಾಂಡ್ ಹಿಂದೆ ಗಂಡು ಫೇರಿ ಸಿಕ್ಕಿತು. ಒಣಗಿ ಕಡ್ಡಿಯಾಗಿತ್ತು. ಉಳಿದ ಹೆಣ್ಣು ಫೇರಿ ಮೇಲಿನ ಮೂಲೆ ಬಿಟ್ಟು ಕೆಳಗಿಳಿಯುತ್ತಿರಲಿಲ್ಲ. ಯೆಲ್ಲೋ ಕೋರಿಸ್‌ನ ತುಟಿ ಕೆಂಪಾಗಿ, ಕೆಳದವಡೆ ಊದಿತ್ತು. ಒಂಬತ್ತನೇ ದಿನ, ಭಾನುವಾರ, ಲೆಪರ್ಡ್ ಸತ್ತು ಕೊಳೆತರೆ ನೀರು ಕೆಡುತ್ತದೆ ಅಂತ ಹೆದರಿ ಮೇಷ್ಟ್ರು ಮುಂದಿನ ಮರಳನ್ನೆಲ್ಲ ಕೋಲಿನಿಂದ ಕೆದಕಿ ಹುಡುಕಿದ್ದರು. ಸಿಕ್ಕಿರಲಿಲ್ಲ. ಈಗ ರೋಗ ಇರಬಹುದು ಅಂತ ತಾಮ್ರದ ಔಷಧಿ ತರಿಸಿ ಇಟ್ಟುಕೊಂಡಿದ್ದರು. ಅದೊಂದನ್ನು ಹಾಕಬೇಡಿ ಅಂತ ಫೋನಿನಲ್ಲೇ ತಡೆದೆ. ತಾಮ್ರ ಬಿದ್ದರೆ ಹವಳ, ಸಿಗಡಿ, ಬಸವನಹುಳು ಯಾವುದೂ ಉಳಿಯುವುದಿಲ್ಲ.

ಸಂಜೆ ಕೂತು ನೋಡಿದ್ದು

ಶುಕ್ರವಾರ ಸಂಜೆ ಐದಕ್ಕೆ ಹೋದೆ. ನೀರು ಪರೀಕ್ಷೆ ಮಾಡಿದೆ. ಮೇಷ್ಟ್ರ ನೋಟ್‌ಬುಕ್ಕಿನ ಲೆಕ್ಕವೇ ಬಂತು. ಆಮೇಲೆ ಕುರ್ಚಿ ಎಳೆದುಕೊಂಡು ಟ್ಯಾಂಕಿನಿಂದ ಆರೇಳು ಅಡಿ ದೂರ ಕೂತೆ. ಹತ್ತಿರ ಕೂತರೆ ಮೀನು ನಮ್ಮನ್ನೇ ನೋಡುತ್ತವೆ, ಊಟ ಬರುತ್ತದೆ ಅಂತ. ದೂರ ಕೂತರೆ ಅವು ಅವುಗಳ ಪಾಡಿಗೆ ಇರುತ್ತವೆ.

ಇಲ್ಲಿ ರ‍್ಯಾಸ್ ಬಗ್ಗೆ ಸ್ವಲ್ಪ ಹೇಳಬೇಕು. ಇದು ದೊಡ್ಡ ಕುಟುಂಬ, 500ಕ್ಕೂ ಹೆಚ್ಚು ಜಾತಿಗಳಿವೆ. ಬೆರಳಿಗಿಂತ ಚಿಕ್ಕವೂ ಇವೆ, ಎರಡು ಮೀಟರ್ ದಾಟುವ ನೆಪೋಲಿಯನ್ ರ‍್ಯಾಸ್ ಕೂಡ ಇದೇ ಮನೆತನದ್ದು. ಬಣ್ಣಕ್ಕಂತೂ ಇವನ್ನು ಮೀರಿಸುವವರಿಲ್ಲ. ಲಕ್ಷದ್ವೀಪದ ಪಕ್ಕದ ಮಾಲ್ಡೀವ್ಸ್‌ನಲ್ಲಿ ಆಳ ನೀರಿನ ಒಂದು ಫೇರಿ ರ‍್ಯಾಸ್‌ಗೆ 2022ರಲ್ಲಿ ವಿಜ್ಞಾನಿಗಳು ಫಿನಿಫೆನ್ಮಾ ಅಂತ ಹೆಸರಿಟ್ಟರು. ಅಲ್ಲಿನ ದಿವೇಹಿ ಭಾಷೆಯಲ್ಲಿ ಹಾಗಂದರೆ ಗುಲಾಬಿ ಹೂವು. ಹೆಸರಿಟ್ಟವರಲ್ಲಿ ಮಾಲ್ಡೀವ್ಸ್‌ನ ವಿಜ್ಞಾನಿಯೊಬ್ಬರೂ ಇದ್ದರು. ಅದರ ಚಿತ್ರ ನೋಡಿದವರಿಗೆ ಆ ಹೆಸರು ಎಷ್ಟು ಸರಿ ಅಂತ ಗೊತ್ತಾಗುತ್ತದೆ.

ಆದರೆ ಮನೆಗೆ ತರುವವರು ಬಣ್ಣಕ್ಕಿಂತ ಮೊದಲು ತಿಳಿಯಬೇಕಾದದ್ದು, ಅದು ಎಲ್ಲಿ ಮಲಗುತ್ತದೆ ಅನ್ನುವುದು. ರ‍್ಯಾಸ್ ಹಗಲು ಜೀವಿ. ಹಗಲೆಲ್ಲ ಒಂದು ಕ್ಷಣ ನಿಲ್ಲದೆ ಈಜುತ್ತದೆ, ಕತ್ತಲಾದರೆ ಸತ್ತಂತೆ ಮಲಗುತ್ತದೆ. ಕೋರಿಸ್, ಲೆಪರ್ಡ್ ಇವು ಮರಳಿನೊಳಗೆ ಹೂತುಕೊಂಡು ಮಲಗುವಂಥವು. ತಲೆ ಮುಂದೆ ಮಾಡಿ ಬಾಣದಂತೆ ನುಗ್ಗುತ್ತವೆ. ಫೇರಿ, ಸಿಕ್ಸ್‌ಲೈನ್ ಮರಳಿಗೆ ಇಳಿಯುವುದಿಲ್ಲ. ಕಲ್ಲಿನ ಸಂದಿಗೆ ಸೇರಿಕೊಂಡು ಮಲಗುತ್ತವೆ. ಫೇರಿ ಮಲಗಿದಾಗ ಮೈಸುತ್ತ ಲೋಳೆಯ ತೆಳು ಪರದೆಯನ್ನೂ ಕಟ್ಟಿಕೊಳ್ಳುತ್ತದೆ. ಅದರೊಳಗೆ ಅದು ಇರುವುದನ್ನು ರಾತ್ರಿ ಮಂದ ಕೆಂಪು ಟಾರ್ಚ್ ಹಿಡಿದು ಒಮ್ಮೆ ನೋಡಿದ್ದೆ. ಸೆರಗು ಹೊದ್ದು ಮಲಗಿದ ಮಗುವಿನಂತೆ ಕಂಡಿತು.

ಆರೂ ಕಾಲರ ಹೊತ್ತಿಗೆ ಕೋರಿಸ್ ಮುಂದಿನ ಗಾಜಿನ ಹತ್ತಿರ ಸುತ್ತತೊಡಗಿತು. ಮರಳನ್ನು ಮೂಸಿದಂತೆ ಮಾಡುತ್ತದೆ, ಬಿಡುತ್ತದೆ. ಆರೂವರೆಗೆ ಒಮ್ಮೆ ನುಗ್ಗಿತು. ಟಕ್ ಅಂತ ಸಣ್ಣ ಸದ್ದು. ಮರಳಿದ್ದದ್ದೇ ಅರ್ಧ ಇಂಚು, ಅದೂ ಅಕ್ಕಿ ನುಚ್ಚಿನಷ್ಟು ದಪ್ಪದ ಹವಳದ ಪುಡಿ. ಮೀನು ನೇರ ಕೆಳಗಿನ ಗಾಜಿಗೆ ಬಾಯಿ ಹೊಡೆದುಕೊಂಡಿತ್ತು. ಐದು ನಿಮಿಷ ಬಿಟ್ಟು ಮತ್ತೊಂದು ಕಡೆ ನುಗ್ಗಿತು. ಮತ್ತೆ ಟಕ್. ಮೇಷ್ಟ್ರು ನನ್ನ ಪಕ್ಕದಲ್ಲಿ ಕೂತಿದ್ದವರು ಮುಖ ತಿರುಗಿಸಿದರು. ಆ ತುಟಿಯ ಗಾಯ ರೋಗವಲ್ಲ. ಹದಿನಾಲ್ಕು ಸಂಜೆ ಗಾಜಿಗೆ ಬಡಿದುಕೊಂಡ ಗುರುತು ಅದು.

ಅದೇ ಹೊತ್ತಿಗೆ ಸಿಕ್ಸ್‌ಲೈನ್ ತನ್ನ ಗಸ್ತು ಶುರು ಮಾಡಿತ್ತು. ಹೆಣ್ಣು ಫೇರಿ ಕಲ್ಲಿನ ಒಂದು ಸಂದಿಗೆ ಹೋದರೆ ಸಿಕ್ಸ್‌ಲೈನ್ ಬಂದು ಓಡಿಸುತ್ತದೆ. ಇನ್ನೊಂದಕ್ಕೆ ಹೋದರೆ ಅಲ್ಲಿಗೂ ಬರುತ್ತದೆ. ಇಪ್ಪತ್ತು ನಿಮಿಷದಲ್ಲಿ ಹನ್ನೊಂದು ಸಲ ಎಣಿಸಿದೆ. ಕಚ್ಚುತ್ತಿರಲಿಲ್ಲ. ಸುಮ್ನೆ ಎದುರು ನಿಂತು ಮೈ ಅಡ್ಡ ಮಾಡಿ ನೂಕುತ್ತಿತ್ತು. ಏಳು ತಿಂಗಳಿಂದ ಕಲ್ಲೆಲ್ಲ ಅದರದ್ದೇ ಆಗಿತ್ತು. ತನ್ನ ಮನೆಯನ್ನು ಕಾಯುವ ಮೀನನ್ನು ಕೆಟ್ಟದ್ದು ಅನ್ನಲು ನನಗೆ ಮನಸ್ಸಿಲ್ಲ. ಅದನ್ನು ಎಲ್ಲಕ್ಕಿಂತ ಕೊನೆಗೆ ಹಾಕಬೇಕಿತ್ತು, ನಾವು ಎಲ್ಲಕ್ಕಿಂತ ಮೊದಲು ಹಾಕಿದ್ದೆವು.

ಏಳಕ್ಕೆ ಹತ್ತು ನಿಮಿಷ ಇರುವಾಗ ಕರೆಂಟ್ ಹೋಯಿತು. ಟ್ಯಾಂಕ್ ಒಂದೇ ಏಟಿಗೆ ಕಪ್ಪಾಯಿತು. ಪಂಪ್ ಮಾತ್ರ ಇನ್ವರ್ಟರ್ ಮೇಲಿತ್ತು, ದೀಪ ಇರಲಿಲ್ಲ. ಮರುಕ್ಷಣ ನೀರಿನ ಮೇಲ್ಮೈಯಲ್ಲಿ ಛಳ್ ಅಂತ ಸದ್ದು. ಮೊಬೈಲ್ ದೀಪ ಹಾಕಿ ನೋಡಿದರೆ ಫೇರಿ ಮೇಲಿನ ಗಾಜಿನ ಪಟ್ಟಿಗೆ ಬಡಿದು ನೀರಿಗೇ ಬಿದ್ದಿತ್ತು. ಎರಡು ಇಂಚು ಆಚೆ ಆಗಿದ್ದರೆ ನೆಲಕ್ಕೇ ಬೀಳುತ್ತಿತ್ತು.

ಸಮುದ್ರದಲ್ಲಿ ಕತ್ತಲು ಹಾಗೆ ಬರುವುದಿಲ್ಲ. ಮುಕ್ಕಾಲು ಗಂಟೆ ಹಿಡಿದು ನಿಧಾನ ಇಳಿಯುತ್ತದೆ. ಅಷ್ಟರಲ್ಲಿ ಪ್ರತಿಯೊಂದು ಮೀನೂ ತನ್ನ ಜಾಗ ಸೇರಿಕೊಂಡಿರುತ್ತದೆ. ಇನ್ನೂ ಜಾಗ ಸಿಗದೆ ಬಯಲಲ್ಲಿರುವ ಮೀನಿಗೆ ದಿಢೀರ್ ಕತ್ತಲಾದರೆ ಅದಕ್ಕೆ ಗೊತ್ತಿರುವುದು ಒಂದೇ, ಚಿಮ್ಮಿ ಓಡುವುದು. ಸಮುದ್ರದಲ್ಲಿ ಚಿಮ್ಮಿದರೆ ಮತ್ತೆ ಸಮುದ್ರಕ್ಕೇ ಬೀಳುತ್ತದೆ. ಇಲ್ಲಿ ಟ್ಯಾಂಕಿನ ಮೇಲೆ ಮುಚ್ಚಳವೇ ಇರಲಿಲ್ಲ. ಬೇಸಿಗೆಯಲ್ಲಿ ನೀರು ಕಾಯಬಾರದು ಅಂತ ಗಾಜಿನ ಮುಚ್ಚಳ ತೆಗೆಸಿದ್ದರು. ತೆಗೆಸಿದ್ದು ಸರಿ. ಬದಲಿಗೆ ಏನೂ ಹಾಕದೆ ಬಿಟ್ಟದ್ದು ತಪ್ಪು.

ಅರ್ಧ ಗಂಟೆಗೆ ಕರೆಂಟ್ ಬಂತು. ಬಿಳಿ ದೀಪ ಪೂರ್ತಿ ಬೆಳಕಿನಲ್ಲಿ ಒಮ್ಮೆಲೇ ಹತ್ತಿತು. ಫೇರಿ ಮತ್ತೆ ಚಿಮ್ಮಿತು.

ಆ ರಾತ್ರಿಯೇ ಹಳೆಯ ಸೊಳ್ಳೆ ಪರದೆಯನ್ನು ಕತ್ತರಿಸಿ, ಬಟ್ಟೆ ಕ್ಲಿಪ್ಪಿನಿಂದ ಟ್ಯಾಂಕಿನ ಸುತ್ತ ಬಿಗಿದೆವು. ಮಗಳು ಕ್ಲಿಪ್ ಎಣಿಸಿ ಎಣಿಸಿ ಕೊಟ್ಟಳು. ನಲವತ್ತೆರಡು ಬೇಕಾದವು.

ಅಜ್ಜಿಗೆ ಗೊತ್ತಿತ್ತು

ಲೆಪರ್ಡ್ ವಿಷಯದಲ್ಲಿ ನಾನು ಆಸೆ ಬಿಟ್ಟಿದ್ದೆ. ಸಿಕ್ಸ್‌ಲೈನ್ ಓಡಿಸಿ ಓಡಿಸಿ ಕೊಂದಿದೆ, ಏಡಿ, ಹುಳಗಳು ತಿಂದು ಮುಗಿಸಿವೆ ಅಂತಲೇ ಲೆಕ್ಕ ಹಾಕಿದ್ದೆ. ಶನಿವಾರ ಬೆಳಿಗ್ಗೆ ಹತ್ತೂವರೆಗೆ ಮರಳಿನ ಡಬ್ಬಿ ಇಡಲು ಹೋದೆ. ಮೇಷ್ಟ್ರು ರಜೆ ಹಾಕಿದ್ದರು. ಅಜ್ಜಿ ಮಜ್ಜಿಗೆ ತಂದುಕೊಟ್ಟು ಟ್ಯಾಂಕಿನ ಕಡೆ ನೋಡಿ, "ನೀವು ಗದ್ದಲ ಮಾಡಬ್ಯಾಡ್ರಪ್ಪಾ, ಚುಕ್ಕಿ ಮೀನು ಬರೋ ಹೊತ್ತಾತು" ಅಂದರು.

ನಾವಿಬ್ಬರೂ ಅವರ ಮುಖ ನೋಡಿದೆವು.

"ಯಾವ ಚುಕ್ಕಿ ಮೀನು ಅಜ್ಜಿ?"

"ಅದೇ, ಬಿಳಿ ಮೈಮ್ಯಾಲೆ ಕರೆ ಚುಕ್ಕಿ. ನಾನು ಮಜ್ಜಿಗೆ ಕಡೆದು ಮುಗಿಸೋ ಹೊತ್ತಿಗೆ ಬರತೈತಿ. ಕಲ್ಲಿಗೆ ಕುಕ್ಕತಾ ಇರತೈತಿ. ಊಟ ಮಾಡಿ ಮಲಗಿ ಎದ್ದು ನೋಡಿದ್ರ ಇರಂಗಿಲ್ಲ."

"ಅವ್ವಾ, ಅದು ಸತ್ತೈತಿ ಅಂತ ನಾವು ಎರಡು ವಾರದಿಂದ ಹುಡುಕ್ತಿದೀವಿ!" ಅಂದರು ಮೇಷ್ಟ್ರು.

"ನನ್ನ ಯಾರು ಕೇಳಿದ್ರು?" ಅಂದರು ಅಜ್ಜಿ. ಸಿಟ್ಟಿರಲಿಲ್ಲ. ನಿಜವಾಗಿಯೂ ಅವರನ್ನು ಯಾರೂ ಕೇಳಿರಲಿಲ್ಲ.

ಹನ್ನೊಂದಾಗುವುದಕ್ಕೆ ಎರಡು ನಿಮಿಷ ಮೊದಲು ಹಿಂದಿನ ಎಡ ಮೂಲೆಯಲ್ಲಿ ಮರಳು ಅಲುಗಿತು. ಮೊದಲು ಮೂತಿ ಕಂಡಿತು, ಆಮೇಲೆ ಒಂದು ಕಣ್ಣು. ಆ ಕಣ್ಣು ಎಲ್ಲ ಕಡೆ ತಿರುಗಿ ನೋಡಿತು. ಒಂದು ನಿಮಿಷ ಹಾಗೇ ಇದ್ದು ಲೆಪರ್ಡ್ ಮೆಲ್ಲಗೆ ಹೊರಬಂತು. ತಲೆಯ ಹಿಂದೆ ಬೆನ್ನು ತುಂಬಿಕೊಂಡೇ ಇತ್ತು, ಹೊಟ್ಟೆ ಒಳಕ್ಕೆ ಹೋಗಿರಲಿಲ್ಲ. ಏಳು ತಿಂಗಳ ಕಲ್ಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಿಗಡಿ ಜಾತಿಯ ಜೀವಿಗಳು ಬೇಕಾದಷ್ಟಿದ್ದವು. ಅದನ್ನೇ ಹೆಕ್ಕಿ ತಿಂದು ಬದುಕಿತ್ತು. ಇದೇ ಮೀನನ್ನು ಒಂದೂವರೆ ತಿಂಗಳ ಹೊಸ ಟ್ಯಾಂಕಿಗೆ ಬಿಟ್ಟಿದ್ದರೆ ಹಸಿವಿನಿಂದ ಸಾಯುತ್ತಿತ್ತು. ಲೆಪರ್ಡ್ ತರುವವರು ಟ್ಯಾಂಕ್ ಹಳತಾಗುವ ತನಕ ಕಾಯಲೇಬೇಕು ಅನ್ನುವುದು ಇದಕ್ಕೇ.

ಹಿಂದಿನ ಮೂಲೆಯೇ ಯಾಕೆ? ಅಲೆ ಎಬ್ಬಿಸುವ ಪಂಪ್ ತಿಂಗಳುಗಟ್ಟಲೆ ಮರಳನ್ನು ಆ ಮೂಲೆಗೆ ತಳ್ಳಿ ತಳ್ಳಿ, ಅಲ್ಲೊಂದು ಕಡೆ ಎರಡೂವರೆ ಇಂಚು ಗುಡ್ಡೆಯಾಗಿತ್ತು. ಇಡೀ ಟ್ಯಾಂಕಿನಲ್ಲಿ ಮೀನು ಮುಳುಗುವಷ್ಟು ಮರಳು ಇದ್ದದ್ದು ಅಲ್ಲೇ. ಮೇಷ್ಟ್ರು ಕೆದಕಿದ್ದು ಮುಂದಿನ ಭಾಗ. ದೇವರು ದೊಡ್ಡವನು.

ಹೊತ್ತಿನ ಲೆಕ್ಕವನ್ನು ಮೇಷ್ಟ್ರೇ ಬಿಡಿಸಿದರು. ಬಾಲಿ ಕಡೆಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಸಂಜೆ ಆರೂಕಾಲು ಅಂದರೆ ಇಲ್ಲಿ ಮಧ್ಯಾಹ್ನ ಮೂರು ಮುಕ್ಕಾಲು. ಮರಳಲ್ಲಿ ಮಲಗುವ ರ‍್ಯಾಸ್‌ಗಳು ಹೊಸ ಮನೆಗೆ ಬಂದ ಮೇಲೂ ಕೆಲವು ದಿನ ಹುಟ್ಟೂರಿನ ಹೊತ್ತಿಗೇ ಮಲಗುತ್ತವೆ. ಕೆಲವಕ್ಕೆ ಎರಡು ವಾರವೂ ಬೇಕು. ಮೇಷ್ಟ್ರು ಮನೆಗೆ ಬರುವುದು ನಾಲ್ಕೂವರೆಗೆ, ಮಗಳು ಅದರ ಹಿಂದೆ, ಹೆಂಡತಿ ಆರಕ್ಕೆ. ಅಷ್ಟು ಹೊತ್ತಿಗೆ ಲೆಪರ್ಡ್‌ಗೆ ರಾತ್ರಿ ಆಗಿರುತ್ತಿತ್ತು. ಮೊದಲ ಭಾನುವಾರ ಅದು ಮರಳಿನಿಂದ ಏಳಲೇ ಇಲ್ಲ, ಎರಡನೇ ಭಾನುವಾರ ಮೇಷ್ಟ್ರ ಕೋಲು ಓಡಾಡುತ್ತಿತ್ತು. ಹೀಗಾಗಿ ಅಜ್ಜಿಯೊಬ್ಬರಿಗೇ ಅದರ ದರ್ಶನ.

ಮಜ್ಜಿಗೆ ಲೋಟ ಕೆಳಗಿಟ್ಟು ನಾನು ಗಂಡು ಫೇರಿಯ ಬಗ್ಗೆಯೂ ಕೇಳಿದೆ. "ಹಿಂದಿನ ದಿನ ಸಂಜಿ ಕರೆಂಟ್ ಹೋದಾಗ ಏನೋ ಟಪ್ ಅಂತು. ಹಲ್ಲಿ ಬಿತ್ತೇನೋ ಅನ್ಕೊಂಡೆ" ಅಂದರು. ಆವತ್ತು ಉಳಿದವರು ಮದುವೆಗೆ ಹೋಗಿದ್ದರು. ನಾನು ಹಿಂದಿನ ಸಂಜೆ ಎರಡು ಗಂಟೆ ಕೂತು ಕಂಡುಹಿಡಿದದ್ದು ಅಜ್ಜಿಯ ಹತ್ತಿರ ಮೊದಲೇ ಇತ್ತು. ಅಂದಿನಿಂದ ಯಾವ ಮನೆಗೆ ಹೋದರೂ ಹಗಲು ಮನೆಯಲ್ಲಿ ಇರುವವರು ಯಾರು ಅಂತ ಮೊದಲು ಕೇಳುತ್ತೇನೆ.

ಏನೇನು ಬದಲಾಯಿಸಿದೆವು

ಮೊದಲು ಮರಳು. ಇಡೀ ಟ್ಯಾಂಕಿಗೆ ಒಮ್ಮೆಲೇ ಮರಳು ಸುರಿದರೆ ನೀರು ಹಾಲಾಗುತ್ತದೆ, ಹವಳದ ಮೇಲೆ ಧೂಳು ಕೂರುತ್ತದೆ. ಅಜ್ಜಿ ಅಡುಗೆಮನೆಯಿಂದ ಕೊಟ್ಟ ಹತ್ತಿಂಚು ಉದ್ದದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೂರು ಇಂಚು ನಯವಾದ ಅರಗೊನೈಟ್ (ಸಮುದ್ರದ ಸುಣ್ಣದ) ಮರಳು ತುಂಬಿ, ಕೋರಿಸ್ ಸಂಜೆ ಸುತ್ತುತ್ತಿದ್ದ ಜಾಗದಲ್ಲೇ ಇಟ್ಟೆವು. ಆ ಶನಿವಾರ ಸಂಜೆ ಆರೂ ನಲವತ್ತಕ್ಕೆ ಕೋರಿಸ್ ಡಬ್ಬಿಯ ಮೇಲೆ ಬಂದು, ಎರಡು ಸುತ್ತು ಹಾಕಿ, ನುಗ್ಗಿತು. ಸದ್ದಿಲ್ಲ. ಬಾಲ ಎರಡು ಸಲ ಅಲುಗಿ ಒಳಗೆ ಹೋಯಿತು. ಮೇಷ್ಟ್ರು ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಆಮೇಲಿನ ಮೂರು ವಾರದಲ್ಲಿ ಅರ್ಧ ಟ್ಯಾಂಕಿಗೆ ಎರಡೂವರೆ ಇಂಚು ಆಗುವಷ್ಟು, ಸುಮಾರು 30 ಕೆಜಿ, ಕಂತು ಕಂತಾಗಿ ಹಾಕಿದೆವು. ತೊಳೆದು, ಪಿವಿಸಿ ಪೈಪಿನೊಳಗಿಂದ ತಳಕ್ಕೇ ಇಳಿಸಿದೆವು. ಪಕ್ಕದ ಮನೆಯವರು ಹರಿಹರದ ಹೊಳೆ ಮರಳು ಹಾಕಬಹುದಲ್ಲ, ಇಷ್ಟು ದುಡ್ಡು ಯಾಕೆ ಅಂದರು. ಹೊಳೆ ಮರಳಿನ ಕಾಳು ಮೂಲೆ ಮೂಲೆಯಾಗಿ ಒರಟಾಗಿರುತ್ತದೆ. ದಿನಾ ಅದರೊಳಗೆ ನುಗ್ಗಿ ಮಲಗುವ ಮೀನಿನ ಚರ್ಮಕ್ಕೆ ಆಗಿಬರುವುದಿಲ್ಲ. ಒಂದು ಮಿಲಿಮೀಟರಿನ ಒಳಗಿನ ದುಂಡನೆಯ ಕಾಳೇ ಬೇಕು.

ಎರಡನೆಯದು ಮುಚ್ಚಳ. ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಕೊಡುವವರ ಹತ್ತಿರ ಅಲ್ಯೂಮಿನಿಯಂ ಚೌಕಟ್ಟು ಮಾಡಿಸಿದೆ. ಸೊಳ್ಳೆ ಜಾಲರಿಯನ್ನೇ ಹಾಕಿದರೆ ಹವಳಕ್ಕೆ ಬೆಳಕು ಸಾಲದು. ತೋಟದವರ ಹಕ್ಕಿ ಬಲೆ ನೋಡಿದೆ, ಕಣ್ಣು ಜಾಸ್ತಿ ದೊಡ್ಡದು. ಕೊನೆಗೆ 6 ಮಿಲಿಮೀಟರ್ ಕಣ್ಣಿನ ಬಣ್ಣವಿಲ್ಲದ ನೈಲಾನ್ ಬಲೆ ತರಿಸಿ ಬಿಗಿದೆ. ಪೈಪು, ವೈರು ಒಳಹೋಗುವ ಮೂಲೆಗಳೇ ಅಪಾಯ. ಹೆಬ್ಬೆರಳು ತೂರುವಷ್ಟು ಸಂದಿ ಇದ್ದರೆ ಫೇರಿ ಅದನ್ನೇ ಹುಡುಕಿ ಹೋಗುತ್ತದೆ. ಆ ಮೂಲೆಗಳನ್ನು ಬಲೆಯ ತುಂಡಿನಿಂದಲೇ ಹೊಲಿದೆವು.

ದೀಪಕ್ಕೆ ನಿಧಾನ ಏರಿ ನಿಧಾನ ಇಳಿಯುವ ಕಂಟ್ರೋಲರ್ ಹಾಕಿದೆವು, ಒಂದೊಂದು ಗಂಟೆ. ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಇನ್ವರ್ಟರ್ ಲೈನಿನಲ್ಲಿ ಸದಾ ಉರಿಯುವ ಒಂದು ಪುಟ್ಟ ನೀಲಿ ದೀಪ. ಸಂಜೆ ಕರೆಂಟ್ ಹೋದರೂ ಟ್ಯಾಂಕ್ ಪೂರ್ತಿ ಕಪ್ಪಾಗುವುದಿಲ್ಲ. ಮಲಗುವ ಹೊತ್ತು ಮುಗಿದ ಮೇಲೆ ಟೈಮರ್ ಅದನ್ನು ಆರಿಸುತ್ತದೆ. ನಮ್ಮ ಕಡೆ ರ‍್ಯಾಸ್ ಸಾಕುವವರು ಇದೊಂದನ್ನು ಮರೆಯಬಾರದು.

ಸಿಕ್ಸ್‌ಲೈನ್ ಹಿಡಿಯಲು ಐದು ದಿನ ಬೇಕಾಯಿತು. ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ, ತಿರುಗಿಸಿ ಒಳಗೆ ಸೇರಿಸಿ, ಒಳಗೆ ಸಿಗಡಿ ಚೂರು ಇಟ್ಟು ಕಾದೆವು. ಮೊದಲ ದಿನ ಕ್ಲೌನ್ ಬಿತ್ತು, ಎರಡನೇ ದಿನ ಬ್ಲೆನ್ನಿ. ಸಿಕ್ಸ್‌ಲೈನ್ ಹೊರಗೆ ನಿಂತು ನೋಡುತ್ತಿತ್ತು. ಆಮೇಲೆ ಎರಡು ದಿನ ಬಾಟಲಿ ಖಾಲಿ. ಐದನೇ ದಿನ ಬೆಳಿಗ್ಗೆ ಊಟ ಹಾಕದೆ ಬಿಟ್ಟಾಗ ಬಂತು. ಮೂರು ವಾರ ಕೆಳಗಿನ ಸಂಪಿನಲ್ಲಿ ಇಟ್ಟು, ಚಿತ್ರದುರ್ಗದ ಗೆಳೆಯನ ಸಣ್ಣ ಟ್ಯಾಂಕಿಗೆ ಕೊಟ್ಟೆವು. ಅಲ್ಲಿ ಬೇರೆ ರ‍್ಯಾಸ್ ಇಲ್ಲ. ಚೆನ್ನಾಗಿದೆ.

ಊಟದ್ದು ಬೇರೆಯೇ ಕಥೆ. ರ‍್ಯಾಸ್‌ಗೆ ತಿಂದದ್ದನ್ನು ಕೂಡಿಡುವ ಜಠರವೇ ಇಲ್ಲ, ಓಡಾಟ ಜಾಸ್ತಿ. ದಿನಕ್ಕೊಮ್ಮೆ ಸುರಿದರೆ ಸಾಲದು, ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ಬೇಕು. ಅದೂ ಹೆಪ್ಪುಗಟ್ಟಿಸಿದ ಮೈಸಿಸ್ ಸಿಗಡಿಯಂಥ ಮಾಂಸದ ಊಟ. ಮನೆ ಶುದ್ಧ ಸಸ್ಯಾಹಾರಿ. ಅಡುಗೆಮನೆಯ ಫ್ರಿಜ್ಜಿನಲ್ಲಿ ಅದನ್ನು ಇಡುವ ಮಾತೇ ಇಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಹಿತ್ತಲ ಕೋಣೆಯಲ್ಲಿ ಹಳೆಯ ಸಣ್ಣ ಫ್ರಿಜ್ ಇಟ್ಟರು. ಬೆಳಿಗ್ಗೆ, ಸಂಜೆ ಮೇಷ್ಟ್ರು ಹಾಕುತ್ತಾರೆ. ಮಧ್ಯಾಹ್ನದ್ದು ಯಾರು? ಅಜ್ಜಿ ಎರಡು ದಿನ ಸುಮ್ಮನಿದ್ದರು. ಮೂರನೇ ದಿನ, "ಉದ್ದನೆ ಚಮಚ ಇದ್ರ ನಾನೇ ಹಾಕ್ತೀನಿ. ಹಸಿದ ಜೀವ" ಅಂದರು. ಮಗಳು ಉದ್ದನೆಯ ಸ್ಟೀಲ್ ಚಮಚವೊಂದಕ್ಕೆ ಕೆಂಪು ದಾರ ಕಟ್ಟಿ ಅದಕ್ಕೇ ಮೀಸಲಿಟ್ಟಳು.

ಒಂದು ಮಾತು ಸೇರಿಸಬೇಕು. ನಾಲ್ಕು ಮೀನನ್ನೂ ನೇರವಾಗಿ ದೊಡ್ಡ ಟ್ಯಾಂಕಿಗೆ ಬಿಟ್ಟದ್ದು ತಪ್ಪೇ. ಬೇರೆ ಟ್ಯಾಂಕಿನಲ್ಲಿ ಮೂರು ನಾಲ್ಕು ವಾರ ಇಟ್ಟು ನೋಡಬೇಕು. ಆದರೆ ಮರಳಲ್ಲಿ ಮಲಗುವ ಜಾತಿಯನ್ನು ಬರಿಗಾಜಿನ ಟ್ಯಾಂಕಿನಲ್ಲಿ ಇಡಬೇಡಿ. ಅಲ್ಲೂ ಒಂದು ಮರಳಿನ ಡಬ್ಬಿ ಇರಲಿ. ಇಲ್ಲದಿದ್ದರೆ ಈ ಕೋರಿಸ್‌ನ ತುಟಿಗೆ ಆದದ್ದೇ ಅಲ್ಲೂ ಆಗುತ್ತದೆ.

ಬೇಸಿಗೆ

ಏಪ್ರಿಲ್‌ನಲ್ಲಿ ಹೊರಗೆ 38, 39 ಡಿಗ್ರಿ. ಟ್ಯಾಂಕ್ ಒಂದು ಮಧ್ಯಾಹ್ನ 30 ದಾಟಿತು. ನೀರು ತಣಿಸುವ ಚಿಲ್ಲರ್ ಯಂತ್ರದ ಬೆಲೆ ಕೇಳಿ ಮೇಷ್ಟ್ರು ಸುಮ್ಮನಾದರು. ಎರಡು ಸಣ್ಣ ಫ್ಯಾನ್ ತಂದು ನೀರಿನ ಮೇಲೆ ಗಾಳಿ ಬೀಸುವಂತೆ ಕಟ್ಟಿದೆವು. ಬಲೆ ಮುಚ್ಚಳ ಆಗಿದ್ದರಿಂದ ಗಾಳಿ ಒಳಗೆ ಹೋಗುತ್ತಿತ್ತು. ಗಾಜಿನ ಮುಚ್ಚಳ ಆಗಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಇಲ್ಲಿ ಮೇಷ್ಟ್ರಿಗೆ ಪಾಠ ಮಾಡುವ ಉತ್ಸಾಹ ಬಂತು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಆ ಶಾಖವೆಲ್ಲ ಉಳಿದ ನೀರಿನಿಂದಲೇ ಹೋದರೆ 450 ಲೀಟರ್ ನೀರು ಒಂದೂ ಕಾಲು ಡಿಗ್ರಿಯಷ್ಟು ತಣ್ಣಗಾಗುತ್ತದೆ. ಮಡಕೆ ನೀರು ತಣ್ಣಗಿರುವುದೂ ಇದೇ ಲೆಕ್ಕ ಅಂತ ಮಗಳಿಗೆ ವಿವರಿಸಿದರು. ದಾವಣಗೆರೆಯ ಒಣ ಬಿಸಿಲಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಟ್ಯಾಂಕ್ 27ರ ಆಸುಪಾಸಿಗೆ ಬಂತು. ದಿನಕ್ಕೆ ಏಳೆಂಟು ಲೀಟರ್ ನೀರು ಹೋಗುತ್ತಿತ್ತು. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಹಾಗಾಗಿ ತುಂಬಿಸಬೇಕಾದದ್ದು ಬರೀ ಆರ್‌ಒ ನೀರು, ಉಪ್ಪು ನೀರಲ್ಲ.

ಮೇ ತಿಂಗಳ ಗುಡುಗು ಮಳೆಗೆ ಒಂದು ರಾತ್ರಿ ಐದು ಗಂಟೆ ಕರೆಂಟ್ ಇರಲಿಲ್ಲ. ಮಿಂಚು ಹೊಡೆದಾಗಲೆಲ್ಲ ಹಾಲ್ ಬೆಳಗುತ್ತಿತ್ತಂತೆ. ಬೆಳಿಗ್ಗೆ ನೋಡಿದರೆ ಫೇರಿಯ ತಲೆಯ ಮೇಲೆ ನಾಲ್ಕೈದು ಹುರುಪೆ ಎದ್ದಿದ್ದವು. ಬಲೆಗೆ ಬಡಿದಿದೆ. ಆದರೆ ನೆಲದ ಮೇಲೆ ಏನೂ ಇರಲಿಲ್ಲ. ಬಲೆ ಇರುವುದರಿಂದ ಮೀನು ಚಿಮ್ಮುವುದು ನಿಲ್ಲುವುದಿಲ್ಲ. ಚಿಮ್ಮಿದ್ದು ಮತ್ತೆ ನೀರಿಗೇ ಬೀಳುತ್ತದೆ, ಅಷ್ಟೇ.

ಈಗ

ಕೋರಿಸ್‌ನ ತುಟಿ ಹದಿನೆಂಟು ದಿನದಲ್ಲಿ ವಾಸಿಯಾಯಿತು. ಯಾವ ಔಷಧಿಯನ್ನೂ ಹಾಕಲಿಲ್ಲ. ಲೆಪರ್ಡ್ ಮಾರ್ಚ್ ಎರಡನೇ ವಾರದ ಹೊತ್ತಿಗೆ ನಮ್ಮೂರ ಗಡಿಯಾರಕ್ಕೆ ಹೊಂದಿಕೊಂಡಿತು. ಮಗಳು ಶಾಲೆಯಿಂದ ಬರುವಾಗ ಈಗ ಅದು ಎದ್ದೇ ಇರುತ್ತದೆ. ಆದರೂ ಮೂಲೆಯ ಆ ಗುಡ್ಡೆಯನ್ನು ಬಿಟ್ಟು ಬೇರೆಲ್ಲೂ ಮಲಗುವುದಿಲ್ಲ. ನಾವೂ ಅಲ್ಲಿ ಕೈ ಹಾಕುವುದಿಲ್ಲ.

ಫೇರಿಯದ್ದು ಯಾರೂ ನಿರೀಕ್ಷಿಸದ ಬದಲಾವಣೆ. ನನಗೆ ಓದಿ ಗೊತ್ತಿತ್ತು, ಕಣ್ಣಾರೆ ಕಂಡದ್ದು ಇದೇ ಮೊದಲು. ಈ ಜಾತಿಯಲ್ಲಿ ಮರಿಗಳು ಹೆಣ್ಣಾಗಿ ಬೆಳೆಯುತ್ತವೆ. ಗುಂಪಿನ ಗಂಡು ಇಲ್ಲವಾದರೆ ದೊಡ್ಡ ಹೆಣ್ಣು ಗಂಡಾಗಿ ಬದಲಾಗುತ್ತದೆ. ಜೂನ್‌ನಲ್ಲಿ ಬಾಲದ ಬುಡದ ಕಪ್ಪು ಚುಕ್ಕಿ ಮಸುಕಾಯಿತು. ಜುಲೈಗೆ ಪಕ್ಕೆಯ ಮೇಲೆ ನೀಲಿ ಇಳಿಯತೊಡಗಿತು. ಸತ್ತ ಗಂಡಿನ ಮೈಮೇಲಿದ್ದ ಅದೇ ನೀಲಿ. ಅಂಜಿ ಮೂಲೆ ಸೇರಿದ್ದ ಮೀನು ಈಗ ರೆಕ್ಕೆ ಬಿಚ್ಚಿ ಟ್ಯಾಂಕಿನ ಉದ್ದಕ್ಕೂ ಓಡಾಡುತ್ತದೆ.

ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲಿ ಅಜ್ಜಿ ಮಾರ್ಚ್‌ನಿಂದ ಮೀನು ಮಲಗುವ ಹೊತ್ತನ್ನೂ ಬರೆಯುತ್ತಿದ್ದಾರೆ. ಪ್ರತಿ ತಾರೀಖಿನ ಕೆಳಗೆ ಸಣ್ಣ ಅಕ್ಷರದಲ್ಲಿ: ಹಳದಿ 6.40, ಚುಕ್ಕಿ 6.20, ಕೆಂಪಿ 7. ಕೆಂಪಿ ಅಂದರೆ ಫೇರಿ. ನನ್ನ ಹತ್ತಿರ ಇರುವ ಯಾವ ದಾಖಲೆಯೂ ಇಷ್ಟು ಒಳ್ಳೆಯದಿಲ್ಲ. ಹೋದ ತಿಂಗಳು ಹೋದಾಗ ಅಜ್ಜಿ ಪೆನ್ ಹಿಡಿದು ಕ್ಯಾಲೆಂಡರ್ ಮುಂದೆ ನಿಂತಿದ್ದರು.

"ಕೆಂಪಿ ಈಗ ಪೂರಾ ನೀಲಿ ಆಗ್ಯಾಳಲ್ಲಪ್ಪಾ. ಇನ್ನ ಏನಂತ ಬರೀಲಿ?"

"ನೀಲಿ ಅಂತ ಬರೀರಿ ಅಜ್ಜಿ" ಅಂದೆ.

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. ಆವತ್ತಿನ ತಾರೀಖಿನ ಕೆಳಗೆ ಕೆಂಪಿ ಅಂತಲೇ ಬರೆದು, ಅದರ ಪಕ್ಕದಲ್ಲಿ ನೀಲಿ ಅಂತ ಸೇರಿಸಿ, 6.55 ಅಂತ ಹೊತ್ತು ಹಾಕಿದರು.